‘ದಿ ಕ್ವಾಲಿಟಿ ಆಫ್ ದಿ ನಟ್ಸ್’ ಆದ ಮೇಲೆ ಈಸ್ ಬರೆಯಬೇಕಾ, ಆರ್ ಬರೆಯಬೇಕಾ?

ತೀರ್ಥಹಳ್ಳಿಯಿಂದ ಹೊರರಾಜ್ಯದ ಅಡಿಕೆ ವ್ಯಾಪಾರಿಗೆ ಪತ್ರ ಬರೆಯುವಾಗ ‘ದಿ ಕ್ವಾಲಿಟಿ ಆಫ್ ದಿ ನಟ್ಸ್ ಆರ್ ಗುಡ್’ ಎಂದು ಬರೆದೆ, ಅದು ತಪ್ಪಂತೆ, ನಟ್ಸ್ ಬಹುವಚನ ಅಲ್ಲವೇ ಎಂದು ಕೇಳಿದ್ದೀರಿ.

ನಟ್ಸ್ ಬಹುವಚನವೇ. ಆದರೆ ಆ ವಾಕ್ಯದ ಕರ್ತೃ ಅದಲ್ಲ. ಚೆನ್ನಾಗಿದೆ ಎಂದು ನೀವು ಹೇಳುತ್ತಿರುವುದು ಗುಣಮಟ್ಟವನ್ನು. ಯಾವುದರ ಗುಣಮಟ್ಟ ಎಂದು ತಿಳಿಸಲು ಮಾತ್ರ ನಟ್ಸ್ ಬಂದಿದೆ. ಆದ್ದರಿಂದ ಈಸ್.

ಕನ್ನಡದಲ್ಲಿ ಈ ತಪ್ಪು ಯಾರೂ ಮಾಡುವುದಿಲ್ಲ. ‘ಅಡಿಕೆಗಳ ಗುಣಮಟ್ಟ ಚೆನ್ನಾಗಿದೆ’ ಎನ್ನುವಾಗ ವಿವರಣೆಯೆಲ್ಲ ಮೊದಲು ಬಂದು, ಯಜಮಾನ ಪದ ಕ್ರಿಯಾಪದದ ಮಗ್ಗುಲಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಆಫ್ ಬಂತೆಂದರೆ ಸಾಲು ತಿರುಗುಮುರುಗಾಗುತ್ತದೆ. ಯಜಮಾನ ಪದ ಹಿಂದೆ ಉಳಿದು, ನಡುವೆ ನುಸುಳಿದ ನಟ್ಸ್ ಕ್ರಿಯಾಪದಕ್ಕೆ ಹತ್ತಿಕೊಂಡಿರುತ್ತದೆ. ಹತ್ತಿರ ಕೇಳಿದ್ದಕ್ಕೇ ನಮ್ಮ ಕಿವಿ ಸೋಲುತ್ತದೆ.

ಹಾಗಾಗಿ ಅನುಮಾನ ಬಂದಾಗ ಕರ್ತೃವಿನ ಭಾಗವನ್ನಷ್ಟೇ ಕನ್ನಡದಲ್ಲಿ ಹೇಳಿ ನೋಡಿ. ಕಡೆಯಲ್ಲಿ ಬರುವ ಪದವೇ ಯಜಮಾನ. ‘ದಿ ವೆಯ್ಟ್ ಆಫ್ ದಿ ಬ್ಯಾಗ್ಸ್’ ಅಂದರೆ ಚೀಲಗಳ ತೂಕ. ಕಡೆಗೆ ತೂಕ, ಈಸ್. ‘ದಿ ಲೀವ್ಸ್ ಆಫ್ ದಟ್ ಟ್ರೀ’ ಅಂದರೆ ಆ ಮರದ ಎಲೆಗಳು, ಆರ್. ‘ಒನ್ ಆಫ್ ದಿ ವರ್ಕರ್ಸ್’ ಅಂದರೆ ಕೆಲಸದವರಲ್ಲಿ ಒಬ್ಬ, ಈಸ್. ಚೆನ್ನಾಗಿ ಓದಿದವರೂ ಎಡವುವ ಜೋಡಿಯೊಂದಿದೆ, ಅದೂ ಇದರಲ್ಲೇ ಬಗೆಹರಿಯುತ್ತದೆ: ‘ದಿ ನಂಬರ್ ಆಫ್ ಟ್ರೀಸ್’ ಮರಗಳ ಸಂಖ್ಯೆ, ಈಸ್, ‘ಎ ನಂಬರ್ ಆಫ್ ಟ್ರೀಸ್’ ಹಲವು ಮರಗಳು, ಆರ್.

ಈ ಉಪಾಯ ಕೈಕೊಡುವ ಜಾಗಗಳೂ ಇವೆ, ಅವನ್ನು ನೆನಪಿಟ್ಟುಕೊಳ್ಳಲೇಬೇಕು. ಮೋಸ್ಟ್, ಸಮ್, ಆಲ್, ಹಾಫ್ ಇವುಗಳ ಮುಂದೆ ಆಫ್ ಬಂದರೆ ಲೆಕ್ಕ ಉಲ್ಟಾ. ಆಫ್ ಆದ ಮೇಲಿನ ಪದವನ್ನೇ ನೋಡಬೇಕು. ‘ಮೋಸ್ಟ್ ಆಫ್ ದಿ ಕ್ರಾಪ್ ಈಸ್’, ಆದರೆ ‘ಮೋಸ್ಟ್ ಆಫ್ ದಿ ಟ್ರೀಸ್ ಆರ್’.

ಇನ್ನೊಂದು, ಸಂಖ್ಯೆ. ‘ಅಂಗಳದಲ್ಲಿ ಹತ್ತು ಚೀಲ ಇದೆ’ ಎಂಬುದು ನಮ್ಮ ಮಾತಿನಲ್ಲಿ ಸಲೀಸು. ಅದೇ ರೂಢಿಯಲ್ಲಿ ‘ದೇರ್ ಈಸ್ ಟೆನ್ ಬ್ಯಾಗ್ಸ್’ ಎಂದು ಬರೆದುಬಿಡುತ್ತೇವೆ. ಹತ್ತು ಚೀಲಕ್ಕೆ ಆರ್ ಬೇಕು. ದೇರ್ ಬರೆದ ಕೂಡಲೇ ಕೈ ತಡೆದು ಮುಂದಿನ ಪದ ನೋಡಿ. ಹಣ, ದೂರ, ಸಮಯವನ್ನು ಒಂದೇ ಮೊತ್ತವಾಗಿ ಹೇಳುವಾಗ ಮಾತ್ರ ಏಕವಚನ: ‘ಫಿಫ್ಟಿ ಥೌಸಂಡ್ ರುಪೀಸ್ ಈಸ್ ಟೂ ಮಚ್’.

ಮೂರನೆಯದು ನಮ್ಮ ಗೌರವದ ಬಹುವಚನ. ‘ಸಾಹುಕಾರರು ಒಪ್ಪಿದ್ದಾರೆ’ ಎಂಬುದು ಇಂಗ್ಲಿಷಿನಲ್ಲಿ ‘ದಿ ಓನರ್ ಹ್ಯಾಸ್ ಅಗ್ರೀಡ್’. ಎಷ್ಟೇ ದೊಡ್ಡವರಾದರೂ ಒಬ್ಬರಿಗೆ ಹ್ಯಾಸ್. ‘ಎಲ್ಲರೂ ಬಂದಿದ್ದಾರೆ’ ಕೂಡ ‘ಎವ್ರಿವನ್ ಹ್ಯಾಸ್ ಕಮ್’. ದನಕ್ಕೆ ಇದರ ವಿರುದ್ಧ: ನಮಗೆ ‘ದನ ಮೇಯ್ತಾ ಇದೆ’, ಅವರಿಗೆ ‘ದಿ ಕ್ಯಾಟಲ್ ಆರ್ ಗ್ರೇಜಿಂಗ್’.

ಎಸ್ ಅಕ್ಷರದ ಗೊಂದಲಕ್ಕೆ ಕೂಡ್ಲಿಯನ್ನು ನೆನೆಸಿಕೊಳ್ಳಿ. ‘ದಿ ತುಂಗಾ ಅಂಡ್ ದಿ ಭದ್ರಾ ಮೀಟ್ ಅಟ್ ಕೂಡ್ಲಿ’. ಹೊಳೆ ಎರಡು, ಮೀಟ್‌ಗೆ ಎಸ್ ಇಲ್ಲ. ಸಂಗಮ ದಾಟಿದ ಮೇಲೆ ಹೊಳೆ ಒಂದೇ: ‘ದಿ ತುಂಗಭದ್ರಾ ಫ್ಲೋಸ್’. ನಾಮಪದಕ್ಕೆ ಎಸ್ ಹತ್ತಿದರೆ ಸಾಮಾನ್ಯವಾಗಿ ಬಹುವಚನ, ವರ್ತಮಾನದ ಕ್ರಿಯಾಪದಕ್ಕೆ ಹತ್ತಿದರೆ ಏಕವಚನ. ಡಸ್ ಬಂದರೆ ಎಸ್ ಅದರಲ್ಲೇ ಮುಗಿಯಿತು. ‘ಹಿ ಡಸ್ ನಾಟ್ ನೋಸ್’ ಆಗದು, ‘ನೋ’ ಸಾಕು. ಅಂಡ್ ಬದಲು ಆ್ಯಸ್ ವೆಲ್ ಆ್ಯಸ್ ಹಾಕಿದರೆ ಮೊದಲಿನದಷ್ಟೇ ಲೆಕ್ಕಕ್ಕೆ: ‘ದಿ ತುಂಗಾ, ಆ್ಯಸ್ ವೆಲ್ ಆ್ಯಸ್ ದಿ ಭದ್ರಾ, ರೈಸಸ್ ಅಟ್ ಗಂಗಾಮೂಲ’.

ಆರ್ ಉಳಿಸಿಕೊಳ್ಳಲೇಬೇಕೆಂದಿದ್ದರೆ ಪತ್ರದ ಆ ಸಾಲನ್ನು ‘ದಿ ನಟ್ಸ್ ಆರ್ ಆಫ್ ಗುಡ್ ಕ್ವಾಲಿಟಿ’ ಎಂದು ತಿರುಗಿಸಿ ಬರೆಯಿರಿ. ಆಗ ಕರ್ತೃ ನಟ್ಸೇ ಆಗುತ್ತದೆ.