ಹನ್ನೊಂದು ಕನೆಕ್ಷನ್, ಒಂದೇ ಬಣ್ಣ

ಆಕೆಗೆ 27 ವರ್ಷ, ಬೆಂಗಳೂರಿನ ಒಂದು ಕಂಪನಿಯಲ್ಲಿ ಡೇಟಾಬೇಸ್ ಕೆಲಸ. (ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹತ್ತುವಂಥ ವಿವರ ಬದಲಿಸಿದ್ದೇನೆ.) ಮೊದಲ ದಿನ ಆಪ್ತಸಲಹೆಗೆಂದು ನನ್ನೆದುರು ಬಂದು ಕೂತವಳು ಮಾತಿಗೆ ಮುಂಚೆ ಬ್ಯಾಗಿನ ಜಿಪ್ಪನ್ನು ಎರಡು ಸಲ ಎಳೆದು ನೋಡಿದಳು. ನಿದ್ದೆ ಬರ್ತಿಲ್ಲ, ಒಂದು ಸಾಲಿನ ಕ್ವೆರಿ (ಡೇಟಾಬೇಸಿಗೆ ಕೊಡೋ ಆದೇಶ) ಓಡಿಸೋಕೆ ಇಪ್ಪತ್ತು ನಿಮಿಷ ಹಿಡೀತಿದೆ, ಪಿಜಿ ಬಾಗಿಲಿನ ಬೀಗಾನೂ ಈಗೀಗ ಮೂರ್ನಾಲ್ಕು ಸಲ ಜಗ್ಗಿ ನೋಡ್ತೀನಿ ಅಂದಳು.

ಆದದ್ದಿಷ್ಟು. ಮೂರು ತಿಂಗಳ ಹಿಂದೆ ಒಂದು ಸಂಜೆ ಟೆಸ್ಟ್ ಡೇಟಾಬೇಸಿನ ಹಳೇ ಸಾಲುಗಳನ್ನು ಅಳಿಸಲು ಹೋಗಿ, ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜವಾಗಿ ಬಳಕೆಯಲ್ಲಿರುವ ಡೇಟಾಬೇಸಿನಲ್ಲಿ, ಡಿಲೀಟ್ ಓಡಿಸಿಬಿಟ್ಟಿದ್ದಳು. ಬ್ಯಾಕಪ್ ಇತ್ತು, ರಾತ್ರಿ ಹತ್ತರೊಳಗೆ ಎಲ್ಲ ವಾಪಸ್ ಬಂತು. ಕೆಲಸವೂ ಹೋಗಲಿಲ್ಲ. ಉಳಿದದ್ದು ಮ್ಯಾನೇಜರ್ ಎಲ್ಲರೆದುರು ಕೇಳಿದ ಒಂದು ಮಾತು: "ಕಣ್ಣು ಎಲ್ಲಿಟ್ಟಿದ್ದೆ?" ಅಂದಿನಿಂದ ರನ್ ಒತ್ತುವ ಮುನ್ನ ಕನೆಕ್ಷನ್ ಹೆಸರನ್ನು, ಅಂದರೆ ಯಾವ ಡೇಟಾಬೇಸಿಗೆ ಸೇರಿದ್ದೇನೆ ಅನ್ನುವುದನ್ನು, ಒಂಬತ್ತು ಸಲ ಓದುತ್ತಾಳೆ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ.

ಈ ಕುರ್ಚಿಗೆ ಬರುವ ಮುಂಚೆ ನಾನೂ ಎಂಟು ವರ್ಷ ಡೇಟಾಬೇಸ್ ಮೇಯಿಸಿದವಳು. ಹಾಗಾಗಿ ಎರಡನೇ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ಡೇಟಾ ಬೇಡ, ನೆಟ್ ಆಫ್ ಮಾಡಿ ಎಡಗಡೆಯ ಪಟ್ಟಿ ಮಾತ್ರ ತೋರಿಸು ಅಂದೆ. ಡೇಟಾಬೇಸುಗಳಿಗೆ ಕನೆಕ್ಟ್ ಆಗುವ ಟೂಲ್ ಡಿಬೀವರ್ ತೆರೆದಳು. ಹನ್ನೊಂದು ಕನೆಕ್ಷನ್, ಎಲ್ಲವೂ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನವು: ಪೋಸ್ಟ್‌ಗ್ರೆಸ್, ಪೋಸ್ಟ್‌ಗ್ರೆಸ್ 2, ಪೋಸ್ಟ್‌ಗ್ರೆಸ್ 3... ಟೂಲ್ ತಾನಾಗಿ ಇಟ್ಟ ಹೆಸರುಗಳು, ಯಾರೂ ಬದಲಿಸಿಲ್ಲ. ಎಲ್ಲದರ ಪಕ್ಕದಲ್ಲೂ ಪೋಸ್ಟ್‌ಗ್ರೆಸ್‌ನ ಗುರುತಾದ ಅದೇ ಪುಟ್ಟ ಆನೆ, ಅದೇ ಬಿಳಿ ಹಿನ್ನೆಲೆ, ಅದೇ 5432 ಪೋರ್ಟ್.

"ಇದರಲ್ಲಿ ಪ್ರೊಡಕ್ಷನ್ ಯಾವುದು?"

"ಏಳನೇದು. ಅಲ್ಲ, ತಡೀರಿ..."

ಅವಳಿ ಮಕ್ಕಳಿಗೆ ಒಂದೇ ಅಂಗಿ ತೊಡಿಸಿ, ಹೆಸರು ತಪ್ಪಿ ಕರೆದವರನ್ನು ಬೈದ ಹಾಗಿತ್ತು ಇದು. ಕಣ್ಣಿನ ತಪ್ಪು ಅನ್ನಲು ನನಗೆ ಮನಸ್ಸು ಬರಲಿಲ್ಲ.

ಅವಳಿಗೆ, ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಕಂಪನಿ ಗಿಟ್‌ಲ್ಯಾಬ್‌ನ ಕಥೆ ಹೇಳಿದೆ. 2017ರ ಜನವರಿ 31ರಂದು ಅಲ್ಲಿಯ ಎಂಜಿನಿಯರ್ ಒಬ್ಬರು ಎರಡನೇ ಸರ್ವರಿನಲ್ಲಿ ಅಳಿಸಬೇಕಿದ್ದ ಫೋಲ್ಡರನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿಗೇ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಸುಮಾರು ಆರು ಗಂಟೆಯ ಡೇಟಾ ಹೋಯಿತು. ಕಂಪನಿ ಆ ವ್ಯಕ್ತಿಯ ಹೆಸರು ಹಿಡಿದು ಆಡಲಿಲ್ಲ, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರ ತೋರಿಸಿತು. ಆಮೇಲೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಒಂದು ಏನು ಗೊತ್ತೇ? ಯಾವ ಸರ್ವರಿನಲ್ಲಿದ್ದೇವೆ ಅನ್ನುವುದು ಟರ್ಮಿನಲ್ಲಿನಲ್ಲೇ ಎದ್ದು ಕಾಣುವಂತೆ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಸಾಲಿನ ಮೊದಲಿಗೆ ಕಾಣುವ ಬರಹ) ಬದಲಿಸುವುದು. ಇದನ್ನು ಕೇಳಿ ಆಕೆ ಸುಮಾರು ಹೊತ್ತು ಸುಮ್ಮನಿದ್ದಳು.

ಮೊದಲ ಸಲಹೆ ಟೂಲಿನದು. ಪ್ರತಿ ಕನೆಕ್ಷನ್ನಿಗೂ ಬಾಯಲ್ಲಿ ಕರೆಯುವ ಹೆಸರನ್ನೇ ಇಡು. ಪ್ರೊಡಕ್ಷನ್ ಇರುವುದಕ್ಕೆ ಮಾತ್ರ ಕನೆಕ್ಷನ್ ಟೈಪ್‌ನಲ್ಲಿ ಪ್ರೊಡಕ್ಷನ್ ಆರಿಸು. ಕೆಂಪು ಬಣ್ಣ ಹತ್ತುತ್ತದೆ, ಓಡಿಸುವ ಮುನ್ನ ಕೇಳುತ್ತದೆ, ಆಟೋ ಕಮಿಟ್ (ಬದಲಾವಣೆ ತಾನಾಗಿ ಖಾಯಂ ಆಗುವುದು) ನಿಲ್ಲುತ್ತದೆ. ದಿನದ ನೋಡುವ ಕೆಲಸಕ್ಕೆ ಸೆಲೆಕ್ಟ್ (ಓದುವ) ಅನುಮತಿ ಮಾತ್ರ ಇರುವ ಬೇರೆ ಯೂಸರ್ ಕೇಳಿ ಪಡೆ. ಬರೆಯುವ ಕನೆಕ್ಷನ್ ಬೇರೆ ಫೋಲ್ಡರಿನಲ್ಲಿರಲಿ, ಅದರ ಪಾಸ್‌ವರ್ಡ್ ಸೇವ್ ಮಾಡಬೇಡ. ಟೈಪ್ ಮಾಡುವ ಆ ಐದು ಸೆಕೆಂಡು ನಿನ್ನ ಒಂಬತ್ತು ಓದಿಗಿಂತ ದೊಡ್ಡ ಕಾವಲು.

ಎರಡನೆಯದು ಕಷ್ಟದ್ದು. 2003ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಜನರಿಗೆ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಆರಿಸಿ ಪರೀಕ್ಷಿಸಲು ಹೇಳಿದ್ದರು. ಕೊನೆಗೆ ಜನ ಸರಿಯಾಗಿಯೇ ನೆನಪಿಟ್ಟಿದ್ದರು, ಆದರೆ ಆ ನೆನಪಿನ ಮೇಲೆ ಅವರಿಗೆ ಭರವಸೆ ಉಳಿದಿರಲಿಲ್ಲ. ಒಂಬತ್ತನೇ ಓದು ಅನುಮಾನವನ್ನು ಕಳೆಯುವುದಿಲ್ಲ, ಸಾಕುತ್ತದೆ. ಆದ್ದರಿಂದ ಲೆಕ್ಕ ಹಾಕಿಕೊಂಡೆವು: ಟೆಸ್ಟ್‌ನಲ್ಲಿ ಒಂದೇ ಸಲ, ಪ್ರೊಡಕ್ಷನ್‌ನಲ್ಲಿ ಜೋರಾಗಿ ಹೆಸರು ಹೇಳಿ ಒಂದು ಸಲ, ಆಮೇಲೆ ಎಷ್ಟೇ ತಳಮಳವಾದರೂ ಹಿಂದಿರುಗಿ ನೋಡದೆ ಹತ್ತು ನಿಮಿಷ ಕೂರುವುದು. ಮೊದಲ ವಾರ ಅತ್ತಳು.

ನಡುವೆ ನನ್ನದೊಂದು ಎಡವಟ್ಟು. ಆಟೋ ಕಮಿಟ್ ನಿಂತ ಮೇಲೆ ಏನು ಎಚ್ಚರ ಬೇಕು ಅಂತ ಹೇಳುವುದನ್ನೇ ಮರೆತಿದ್ದೆ. ಒಂದು ಶುಕ್ರವಾರ ಆಕೆ ಪ್ರೊಡಕ್ಷನ್‌ನಲ್ಲಿ ಅಪ್‌ಡೇಟ್ ಓಡಿಸಿ, ಕಮಿಟ್ ಒತ್ತಲು ಧೈರ್ಯ ಸಾಲದೆ, ರೋಲ್‌ಬ್ಯಾಕೂ (ಬದಲಾವಣೆ ರದ್ದು) ಮಾಡದೆ ಕಾಫಿಗೆ ಎದ್ದು ಹೋಗಿದ್ದಾಳೆ. ಆ ಸಾಲುಗಳ ಮೇಲೆ ಲಾಕ್ ಹಾಗೇ ಉಳಿದು ಬೇರೆಯವರ ಕೆಲಸ ಅರ್ಧ ಗಂಟೆ ನಿಂತಿತು. ಸೆಷನ್‌ಗಳ ಪಟ್ಟಿ ನೋಡಿದರೆ 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದರೆ ಕೆಲಸ ಅರ್ಧಕ್ಕೇ ಬಿಟ್ಟು ಸುಮ್ಮನಿರುವುದು ಅಂತ, ಇವಳದೇ ಸೆಷನ್! ಈ ಸಲ ಗದರಿಸಿಕೊಳ್ಳಬೇಕಾದವಳು ನಾನು ಅಂತ ಹೇಳಿ, ಹೊಸ ನಿಯಮ ಸೇರಿಸಿದೆ: ಕಮಿಟ್ ಅಥವಾ ರೋಲ್‌ಬ್ಯಾಕ್ ಆಗದೆ ಕುರ್ಚಿ ಬಿಡುವಂತಿಲ್ಲ, ಹೆದರಿಕೆಯಾದರೆ ರೋಲ್‌ಬ್ಯಾಕ್. ಅಂಥ ಸೆಷನ್ನನ್ನು ತಾನಾಗಿ ಕಡಿಯುವ ಟೈಮ್‌ಔಟ್ ಪೋಸ್ಟ್‌ಗ್ರೆಸ್‌ನಲ್ಲಿ 9.6ನೇ ಆವೃತ್ತಿಯಿಂದಲೇ ಇದೆ, ಅದನ್ನು ಹಾಕಿಸಲು ತಂಡದ ಮೀಟಿಂಗಿನಲ್ಲಿ ಆಕೆಯೇ ಕೇಳಿದಳು. ಆ ಡಿಲೀಟ್ ಆದಮೇಲೆ ಆಕೆ ಮೀಟಿಂಗಿನಲ್ಲಿ ಬಾಯಿಬಿಟ್ಟದ್ದು ಅದೇ ಮೊದಲು.

ಏಳನೇ ಭೇಟಿಯ ಹೊತ್ತಿಗೆ ಒಂಬತ್ತು ಎರಡಕ್ಕೆ ಇಳಿದಿದೆ. ನಿದ್ದೆ ಪರವಾಗಿಲ್ಲ, ಬೀಗ ಇನ್ನೂ ಎರಡು ಸಲ. ಓದುವುದಕ್ಕಷ್ಟೇ ಬೇಕೆಂದ ಯೂಸರ್‌ಗೆ ಮ್ಯಾನೇಜರ್ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಸೋಮವಾರ ಮತ್ತೆ ಕೇಳ್ತೀನಿ ಅಂದು ಎದ್ದಳು, ಬ್ಯಾಗ್ ಹೆಗಲಿಗೆ ಹಾಕಿಕೊಂಡಳು. ಜಿಪ್ ಅರ್ಧ ತೆರೆದೇ ಇತ್ತು. ನಾನು ಹೇಳಲಿಲ್ಲ.