ಸೀಟಿಗಾಗಿ ಗದ್ದೆ ಮಾರುವ ಮೊದಲು ಅಪ್ಪನ ಹತ್ತಿರ ಕೂತು ಮಾತಾಡು

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 589 ಬಂದಿತ್ತು, ಊರಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಅಪ್ಪ ಸಾಲ ಮಾಡಿ ಮೈಸೂರಿನ ಒಂದು ಕಾಲೇಜಿಗೆ ಸೈನ್ಸ್‌ಗೆ ಸೇರಿಸಿ ಹಾಸ್ಟೆಲ್‌ನಲ್ಲಿ ಬಿಟ್ಟರು. ಈಗ ಸೆಕೆಂಡ್ ಪಿಯುಸಿಯಲ್ಲಿ 600ಕ್ಕೆ ಬರೀ 341. ಕನ್ನಡ 86, ಇಂಗ್ಲಿಷ್ 62, ಫಿಸಿಕ್ಸ್ 49 (ಅದರಲ್ಲಿ ಪ್ರಾಕ್ಟಿಕಲ್ 27), ಕೆಮಿಸ್ಟ್ರಿ 53, ಮ್ಯಾಥ್ಸ್ 44, ಕಂಪ್ಯೂಟರ್ ಸೈನ್ಸ್ 47. ಎಂಜಿನಿಯರಿಂಗ್ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ಸಿಇಟಿ ಬರೆದಿದ್ದೇನೆ, ಅದೂ ಚೆನ್ನಾಗಿ ಆಗಿಲ್ಲ. ಎಂಜಿನಿಯರಿಂಗ್‌ಗೆ ಬೇಕಾದ ಪರ್ಸೆಂಟೇಜೇ ನನಗಿಲ್ಲ ಅಂತ ಸೋದರಮಾವ ಹೇಳುತ್ತಾರೆ. ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುವ ಒಬ್ಬರು ಅವರಿಗೆ ಗೊತ್ತಂತೆ, ಈ ವಾರವೇ ಒಂದು ಲಕ್ಷ ಅಡ್ವಾನ್ಸ್ ಕೊಡಬೇಕಂತೆ. ಅದಕ್ಕೆ ಅಪ್ಪ ನಾಲೆ ಪಕ್ಕದ ಇಪ್ಪತ್ತು ಗುಂಟೆ ಗದ್ದೆ ಮಾರಲು ಹೊರಟಿದ್ದಾರೆ. ನನಗೆ ಎಂಜಿನಿಯರಿಂಗ್ ಇಷ್ಟವೋ ಇಲ್ಲವೋ ಅದೂ ಗೊತ್ತಿಲ್ಲ. ಟೀಚರ್ ಆಗಬೇಕು ಅಂತ ಚಿಕ್ಕಂದಿನಿಂದ ಆಸೆ, ಅದನ್ನು ಈಗ ಹೇಳಿದರೆ ಮಾರ್ಕ್ಸ್ ಬಂದಿಲ್ಲ ಅಂತ ಸಬೂಬು ಹೇಳ್ತಿದ್ದಾಳೆ ಅನ್ನುತ್ತಾರೆ. ಮಾರ್ಕ್ಸ್ ಹೆಚ್ಚಿಸಿಕೊಳ್ಳಲು ಪಿಯುಸಿಯನ್ನು ಮತ್ತೆ ಬರೆಯುವ ಎಕ್ಸಾಂ-2ಗೆ ಫೀ ಕಟ್ಟಿದ್ದೇನೆ, ಬರೆಯೋ ಧೈರ್ಯ ಇಲ್ಲ. ಮ್ಯಾಥ್ಸ್ ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿ ಫೋನಿಗೆ ಬಂದಿದೆ, ತೆರೆದು ನೋಡಿಲ್ಲ. ಊಟ ಸೇರಲ್ಲ, ರಾತ್ರಿ ನಿದ್ದೆ ಬರಲ್ಲ. ಅಪ್ಪ ಬೈದೂ ಇಲ್ಲ, ಮಾತೂ ಆಡುತ್ತಿಲ್ಲ. ನಾನೇ ಇಲ್ಲದಿದ್ದರೆ ಗದ್ದೆಯಾದರೂ ಉಳಿಯುತ್ತಿತ್ತು ಅನ್ನಿಸುತ್ತದೆ.

ಉತ್ತರ: ಮೊದಲು ನಿನ್ನ ಪತ್ರದ ಕೊನೆಯ ಸಾಲಿಗೇ ಬರುತ್ತೇನೆ ಕಣಮ್ಮ, ಉಳಿದದ್ದೆಲ್ಲ ಆಮೇಲೆ. ಅದನ್ನು ಓದಿ ನನಗೆ ತುಂಬಾ ಸಂಕಟವಾಯಿತು. ಅಂಥ ಯೋಚನೆ ಒಂದು ಸಲ ಬಂದು ಹೋಗಿದ್ದರೂ ಸರಿ, ದಿನಾ ರಾತ್ರಿ ಬರುತ್ತಿದ್ದರೂ ಸರಿ, ಇವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳು. ಅಪ್ಪನಿಗೆ ಆಗದಿದ್ದರೆ ಅವ್ವನಿಗೆ ಹೇಳು. ನಿದ್ದೆ ಬರುತ್ತಿಲ್ಲ, ಹೀಗೆಲ್ಲ ಅನ್ನಿಸುತ್ತಿದೆ ಅಂತ ಇದ್ದ ಹಾಗೇ ಹೇಳು, ರಾತ್ರಿ ಅವಳ ಪಕ್ಕದಲ್ಲೇ ಮಲಗು. ಮನೆಯವರ ಹತ್ತಿರ ಬಾಯಿ ಬರದಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕು ಅನ್ನಿಸಿದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಈ ಒಂದು ಕೆಲಸ ಮಾಡಿ ಆಮೇಲೆ ಮುಂದಕ್ಕೆ ಓದು. ಇಪ್ಪತ್ತು ಗುಂಟೆ ಹೋದರೂ ನಿಮ್ಮಪ್ಪ ಹೇಗೋ ಬದುಕುತ್ತಾರೆ, ನೀನಿಲ್ಲದೆ ಬದುಕಲಾರರು. ಗದ್ದೆ ಮಾರಲು ಹೊರಟಿರುವುದೇ ನಿನಗೋಸ್ಕರ ಅಲ್ವಾ?

ಈಗ ಮಾರ್ಕ್ಸ್ ವಿಷಯ. 589 ತೆಗೆದವಳಿಗೆ 341 ಹೇಗೆ ಬಂತು ಅಂತ ಊರೆಲ್ಲ ಕೇಳುತ್ತಿರಬಹುದು, ನೀನೂ ನಿನ್ನನ್ನೇ ಕೇಳಿಕೊಂಡು ಕೊರಗುತ್ತಿದ್ದೀಯ. ನಿನ್ನ ಪತ್ರದಲ್ಲೇ ಉತ್ತರ ಇದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಹುಡುಗಿಯನ್ನು ಒಂದು ಬೇಸಿಗೆ ರಜೆ ಕಳೆದ ಕೂಡಲೇ ಇಂಗ್ಲಿಷ್‌ನಲ್ಲಿ ಕ್ಯಾಲ್ಕುಲಸ್ ಕಲಿ ಅಂತ ಕೂರಿಸಿದರೆ, ಅದೂ ಮನೆ ಬಿಟ್ಟು ಹಾಸ್ಟೆಲ್‌ನಲ್ಲಿ, ಪಕ್ಕದಲ್ಲಿ ಕೂತವರೆಲ್ಲ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಾಗಿದ್ದರೆ, ಅವಳು ಮೊದಲ ವರ್ಷವೆಲ್ಲ ಪಾಠ ಅರ್ಥ ಮಾಡಿಕೊಳ್ಳುವುದಕ್ಕಿಂತ ಮೇಷ್ಟ್ರು ಏನು ಹೇಳಿದರು ಅಂತ ಬರೆದುಕೊಳ್ಳುವುದರಲ್ಲೇ ಕಳೆಯುತ್ತಾಳೆ. ಡೌಟ್ ಕೇಳೋಕೆ ನಾಚಿಕೆ. ಟೆಸ್ಟ್‌ನಲ್ಲಿ ಕಮ್ಮಿ ಬಂದರೆ ಊರಿಗೆ ಹೇಳೋಕೆ ಭಯ. ಹಳ್ಳಿಗಳಿಂದ ಮೈಸೂರಿಗೆ ಬಂದು ಸೈನ್ಸ್ ತೆಗೆದುಕೊಂಡ ಮಕ್ಕಳಿಂದ ಪ್ರತಿ ವರ್ಷ ಇದೇ ಮಾತು ಕೇಳುತ್ತೇನೆ. ಕಾಲೇಜಿನವರು ಇದನ್ನು ಮೊದಲೇ ಗಮನಿಸಿ ಒಂದಿಷ್ಟು ತಿಂಗಳು ಬೇರೆ ಕ್ಲಾಸ್ ತೆಗೆದುಕೊಳ್ಳಬೇಕಿತ್ತು, ದೊಡ್ಡ ಫೀಸು ಕಟ್ಟಿಸಿಕೊಂಡವರ ಜವಾಬ್ದಾರಿ ಅದು.

ನಿನ್ನ ಫಿಸಿಕ್ಸ್ ಮಾರ್ಕ್ಸ್ ಬಿಡಿಸಿ ನೋಡು. 49ರಲ್ಲಿ ಪ್ರಾಕ್ಟಿಕಲ್ 27 ಕಳೆದರೆ ಥಿಯರಿಯಲ್ಲಿ 70ಕ್ಕೆ 22. ಕೈಯಲ್ಲಿ ಮಾಡಿ ತೋರಿಸುವ ಕಡೆ 30ಕ್ಕೆ 27 ತೆಗೆದವಳು ಇಂಗ್ಲಿಷ್‌ನಲ್ಲಿ ಬರೆಯುವ ಕಡೆ 22ಕ್ಕೆ ನಿಂತಿದ್ದಾಳೆ. ನಿನಗೆ ತಲೆ ಇಲ್ಲ ಅಂತ ಇದರಿಂದ ಯಾರೂ ಹೇಳೋಕಾಗಲ್ಲ.

ಮಾವ ಹೇಳಿದ ಪರ್ಸೆಂಟೇಜ್ ಲೆಕ್ಕ ತಪ್ಪು. ಎಂಜಿನಿಯರಿಂಗ್‌ಗೆ ಫಿಸಿಕ್ಸ್, ಮ್ಯಾಥ್ಸ್ ಜೊತೆಗೆ ಕೆಮಿಸ್ಟ್ರಿಯಂಥ ಇನ್ನೊಂದು ವಿಷಯ ಸೇರಿಸಿ 45% ಇರಬೇಕು, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ 40% ಸಾಕು. ನಿನ್ನ 49, 53, 44 ಕೂಡಿಸಿದರೆ 300ಕ್ಕೆ 146, ಅಂದರೆ 48%ಗಿಂತ ಜಾಸ್ತಿ. ಈಗಲೇ ನೀನು ಅರ್ಹಳು. ರ‍್ಯಾಂಕ್ ಹಿಂದೆ ಬರಬಹುದು, ಆ ಮಾತು ಬೇರೆ. ಆದರೆ ಅರ್ಹತೆಯೇ ಇಲ್ಲ ಅಂತ ಹೆದರಿಸಿ ಗದ್ದೆ ಮಾರಿಸುವುದು ಇದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮಾವನಿಗೆ ಗೊತ್ತಿಲ್ಲದೆ ಹೇಳಿರಬಹುದು, ಅವರಿಗೂ ಈ ಲೆಕ್ಕ ತೋರಿಸು.

ಇನ್ನು ಎಕ್ಸಾಂ-2. ಇದನ್ನು ಬರೆಯಲೇಬೇಕು ಕಣಮ್ಮ. 2024ರಿಂದ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಯಾವುದರಲ್ಲಿ ಜಾಸ್ತಿ ಬರುತ್ತೋ ಅದೇ ಉಳಿಯುತ್ತೆ. ಕಮ್ಮಿ ಬಂದರೆ ಈಗಿರುವ 341ಕ್ಕೆ ಏನೂ ಆಗಲ್ಲ. ಜಾಸ್ತಿ ಬಂದರೆ ಎಷ್ಟು ಲಾಭ ನೋಡು: ಎಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಪಿಯುಸಿಯ ಮೂರು ವಿಷಯದ ಮಾರ್ಕ್ಸ್, ಅರ್ಧ ಸಿಇಟಿ. ನಿನ್ನ 146 ಈಗ ಪಿಯುಸಿ ಪಾಲಿನ 50ರಲ್ಲಿ 24 ಚಿಲ್ಲರೆ ತಂದುಕೊಡುತ್ತೆ. ಅದು 190 ಆದರೆ 31 ದಾಟುತ್ತೆ. ಹೆಚ್ಚಾದ ಮಾರ್ಕ್ಸನ್ನು ಸಿಇಟಿ ನಡೆಸುವ ಕೆಇಎಗೆ ಸಲ್ಲಿಸುವ ದಿನಾಂಕ ಮಾತ್ರ ತಪ್ಪಿಸಬೇಡ, ಅವರ ವೆಬ್‌ಸೈಟಿನಲ್ಲಿ ಬರುವ ಸೂಚನೆ ದಿನಾ ನೋಡುತ್ತಿರು.

ಮೊದಲು ಆ ಸ್ಕ್ಯಾನ್ ಕಾಪಿ ತೆರೆ. ಒಬ್ಬಳೇ ಕೂತು ನೋಡಬೇಡ. ನಿಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು ಅಥವಾ ಮೇಡಂ ಮನೆಗೆ ಹೋಗಿ ಅವರ ಎದುರಿಗೆ ತೆರೆ. 589 ತೆಗೆದ ಹುಡುಗಿಯನ್ನು ಅವರು ಮರೆತಿರಲ್ಲ. ಒಂದೊಂದೇ ಪುಟ ನೋಡುತ್ತಾ ಮೂರು ಗುರುತು ಹಾಕಿಕೊಳ್ಳಿ: ಗೊತ್ತಿದ್ದೂ ತಪ್ಪು ಮಾಡಿದ್ದು, ಅರ್ಧಕ್ಕೆ ಬಿಟ್ಟಿದ್ದು, ಮುಟ್ಟದೇ ಇದ್ದದ್ದು. ಒಂದು ಅಂಕದ ಪ್ರಶ್ನೆಗಳೇ 20 ಇರುತ್ತವೆ, ಅಲ್ಲಿ ಎಷ್ಟು ಹೋಗಿದೆ ಅಂತ ಎಣಿಸಿ. ಸರಿಯಾದ ಲೆಕ್ಕಕ್ಕೆ ಮಾರ್ಕ್ಸ್ ಕೊಟ್ಟಿಲ್ಲ ಅಂತ ಮೇಷ್ಟ್ರಿಗೆ ಅನ್ನಿಸಿದರೆ ಮರುಮೌಲ್ಯಮಾಪನಕ್ಕೆ ಹಾಕು, ಸುಮ್ನೆ ಆಸೆಗೆ ಹಾಕಬೇಡ, ಆ ಫೀಸೂ ದುಡ್ಡೇ. ಉಳಿದಿರುವ ದಿನಗಳಲ್ಲಿ ಇಡೀ ಪುಸ್ತಕ ಓದೋಕಾಗಲ್ಲ. ಮ್ಯಾಥ್ಸ್‌ನಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವೆಕ್ಟರ್, ತ್ರೀಡಿ, ಲೀನಿಯರ್ ಪ್ರೋಗ್ರಾಮಿಂಗ್, ಪ್ರಾಬಬಿಲಿಟಿ ಇವಿಷ್ಟನ್ನು ಕೈಗೆ ತಂದುಕೋ. ಇಂಟಿಗ್ರೇಶನ್‌ಗೆ ಹೆದರಿ ಕೂತು ಇವನ್ನೂ ಕಳೆದುಕೊಳ್ಳುವ ಮಕ್ಕಳು ತುಂಬಾ ಜನ. ಫಿಸಿಕ್ಸ್‌ನಲ್ಲಿ ಡಿರೈವೇಶನ್‌ಗಳನ್ನು ಓದಬೇಡ, ಬರಿ. ದಿನಕ್ಕೆ ಮೂರು, ಪುಸ್ತಕ ಮುಚ್ಚಿಟ್ಟು. ಇಂಗ್ಲಿಷ್ ವಾಕ್ಯ ತೊಡಕಾದರೆ ಚಿಕ್ಕ ಚಿಕ್ಕ ವಾಕ್ಯ ಬರಿ, ಚಿತ್ರ ಬರಿ, ಯೂನಿಟ್ ಬರಿ. ಪಿಯುಸಿ ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ, ಗಡಿಯಾರ ಮುಂದಿಟ್ಟುಕೊಂಡು ಅವನ್ನು ಬರಿ.

ಈಗ ಗದ್ದೆ. ಈ ವಾರವೇ ಅಡ್ವಾನ್ಸ್ ಕೊಡಿ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಸಿಇಟಿ ಫಲಿತಾಂಶವೇ ಬಂದಿಲ್ಲ, ಕೌನ್ಸೆಲಿಂಗ್ ಶುರುವಾಗಿಲ್ಲ. ರಾಜ್ಯದ ಖಾಸಗಿ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ 45% ಸೀಟು ಸರ್ಕಾರಿ ಕೋಟಾಕ್ಕೆ, 30% ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆಗೆ, ಉಳಿದ 25% ಮ್ಯಾನೇಜ್‌ಮೆಂಟ್‌ಗೆ. ಆ ಸರ್ಕಾರಿ ಕೋಟಾದಲ್ಲೇ ಸಿವಿಲ್, ಮೆಕ್ಯಾನಿಕಲ್‌ನಂಥ ಬ್ರಾಂಚ್‌ಗಳಲ್ಲಿ ಕೊನೆಯ ಸುತ್ತು ಮುಗಿದರೂ ಸೀಟು ಉಳಿಯುವುದನ್ನು ಪ್ರತಿ ವರ್ಷ ನೋಡುತ್ತೇವೆ. ಸೀಟು ಮುಗಿದು ಹೋಗುತ್ತೆ ಅನ್ನುವುದು ದುಡ್ಡು ಬೇಗ ಈಚೆ ತೆಗೆಸುವ ಮಾತು. ನಿಜಕ್ಕೂ ಮ್ಯಾನೇಜ್‌ಮೆಂಟ್ ಸೀಟೇ ಬೇಕು ಅಂತಾದರೆ ಮಧ್ಯದವರನ್ನು ಬಿಟ್ಟು ಅಪ್ಪ ನೀನು ಇಬ್ಬರೂ ಕಾಲೇಜಿಗೇ ಹೋಗಿ, ಒಂದು ವರ್ಷದ್ದಲ್ಲ, ನಾಲ್ಕು ವರ್ಷದ ಫೀಸು, ಹಾಸ್ಟೆಲ್, ಮೆಸ್ ಎಲ್ಲ ಸೇರಿಸಿ ಎಷ್ಟು ಅಂತ ಬರೆಸಿಕೊಂಡು ಬನ್ನಿ. ಕಾಲೇಜಿನ ಹೆಸರಿನ ರಸೀದಿ ಇಲ್ಲದೆ ದುಡ್ಡು ಕೈ ಬದಲಾಗಬಾರದು. ಮತ್ತೆ ಬೆಂಗಳೂರೇ ಯಾಕೆ? ನಿಮ್ಮ ಮಂಡ್ಯದಲ್ಲೇ ಪಿಇಎಸ್ ಎಂಜಿನಿಯರಿಂಗ್ ಕಾಲೇಜು 1962ರಿಂದ ಇದೆ.

ನಾಲೆ ನೀರು ಹಾಯುವ ಗದ್ದೆ ಒಂದು ಸಲ ಕೈಬಿಟ್ಟರೆ ಮತ್ತೆ ಸಿಗಲ್ಲ. ಕಬ್ಬಿನ ಬಿಲ್ ತಡವಾದರೂ ಅದೇ ಮನೆ ನಡೆಸುತ್ತಿರುವುದು. ಮಗಳು ಸೀಟಿಲ್ಲದೆ ಕೂತಳು ಅಂತ ನಾಲ್ಕು ಜನ ಅನ್ನಬಾರದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಮಾರುವುದು ಬೇಡವೇ ಬೇಡ. ನೀನು ಮನಸಾರೆ ಬಯಸಿ, ಹೊಂದುವ ಬ್ರಾಂಚ್ ಸಿಕ್ಕಿ, ಬೇರೆ ದಾರಿಯೇ ಇಲ್ಲ ಅಂತಾದಾಗ ಯೋಚಿಸುವ ಮಾತು ಅದು. ಈಗ ನಿನಗೇ ಇಷ್ಟವೋ ಇಲ್ಲವೋ ಗೊತ್ತಿಲ್ಲ.

ಟೀಚರ್ ಆಸೆಯನ್ನು ಸಬೂಬು ಅನ್ನುವವರು ಅನ್ನಲಿ. ಚಿಕ್ಕಂದಿನಿಂದ ಇತ್ತು ಅಂತ ನೀನೇ ಬರೆದಿದ್ದೀಯ, 589 ಬಂದಾಗ ಯಾರೂ ಕೇಳಲಿಲ್ಲ ಅಷ್ಟೆ. ಇಂಗ್ಲಿಷ್‌ಗೆ ಹೆದರಿ ಕೂತ ಮಗುವಿಗೆ ವಿಜ್ಞಾನ ಹೇಗೆ ಹೇಳಿಕೊಡಬೇಕು ಅಂತ ನಿನಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗಲ್ಲ. ಬಿಎಸ್ಸಿಗೆ ಈ ಮಾರ್ಕ್ಸ್ ಇಟ್ಟುಕೊಂಡೇ ಅರ್ಜಿ ಹಾಕಬಹುದು. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ಮಹಾರಾಣಿ ವಿಜ್ಞಾನ ಕಾಲೇಜಿದೆ, ಯುವರಾಜ ಕಾಲೇಜಿದೆ, ಎರಡಕ್ಕೂ ಹಾಕು. ಯುವರಾಜದಲ್ಲಿ ಪೈಪೋಟಿ ಜಾಸ್ತಿ, ಎಕ್ಸಾಂ-2ರ ಮಾರ್ಕ್ಸ್ ಅಲ್ಲೂ ಕೆಲಸಕ್ಕೆ ಬರುತ್ತೆ. ಮೂರು ವರ್ಷ ಬಿಎಸ್ಸಿ, ಎರಡು ವರ್ಷ ಬಿ.ಎಡ್, ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ನೇಮಕಾತಿ ಪರೀಕ್ಷೆ. ಉದ್ದದ ದಾರಿಯೇ, ಸರ್ಕಾರಿ ನೇಮಕಾತಿ ಪ್ರತಿ ವರ್ಷ ಕರೆಯುವುದೂ ಇಲ್ಲ, ಅದನ್ನೂ ತಿಳಿದುಕೊಂಡೇ ಹೊರಡು. ಆದರೆ ಹಾಸ್ಟೆಲ್ ಬೇಕಿಲ್ಲ. ಪಾಂಡವಪುರದಿಂದ ಮೈಸೂರಿಗೆ ರೈಲಿದೆ, 2023ರಿಂದ ಸರ್ಕಾರಿ ಸಾಮಾನ್ಯ ಬಸ್‌ನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ಮನೆ ಊಟ ತಿಂದು, ಅವ್ವನ ಜೊತೆ ಇದ್ದು ಓದಬಹುದು. ನಿನಗೀಗ ಅದೂ ಬೇಕಾಗಿದೆ ಅನ್ನಿಸುತ್ತೆ ನನಗೆ.

ಎಂಜಿನಿಯರಿಂಗ್ ಮೇಲೆ ಮುಂದೆ ಮನಸ್ಸಾದರೆ ಡಿಪ್ಲೊಮಾ ಇದೆ. ಪಿಯುಸಿ ಸೈನ್ಸ್ ಆದವರು ಪಾಲಿಟೆಕ್ನಿಕ್‌ಗೆ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು, ಅದು ಮುಗಿದ ಮೇಲೆ ಡಿಪ್ಲೊಮಾ ಆದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ. ಕೃಷಿ ಬಿಎಸ್ಸಿಯ ಯೋಚನೆ ಯಾರಾದರೂ ತಲೆಗೆ ಹಾಕಿದರೆ, ಈಗ ಅದರ ಹಿಂದೆ ಹೋಗಬೇಡ, ಒಂದೇ ಸಲ ಹತ್ತು ಕಡೆ ನೋಡಿದರೆ ಎಕ್ಸಾಂ-2 ಕೈತಪ್ಪುತ್ತೆ.

ಕೊನೆಗೆ ಅಪ್ಪ. ಬೈಯದೆ ಸುಮ್ಮನಿರುವ ಅಪ್ಪನನ್ನು ನೋಡಿ ನಿನಗೆ ಜಾಸ್ತಿ ಹಿಂಸೆಯಾಗುತ್ತಿದೆ, ಅರ್ಥವಾಗುತ್ತೆ. ಅವರು ಕೋಪದಿಂದಲೇ ಸುಮ್ಮನಿದ್ದಾರೆ ಅಂತ ತಿಳಿಯಬೇಡ. ಮಗಳನ್ನು ದೂರ ಕಳಿಸಿದ್ದೇ ತಪ್ಪಾಯಿತೇನೋ ಅಂತ ಅವರೂ ಒಳಗೊಳಗೇ ಬೇಯುತ್ತಿರಬಹುದು, ಏನು ಮಾತಾಡಬೇಕೋ ತಿಳಿಯದೆ ಗದ್ದೆ ಮಾರುವ ಕೆಲಸ ಹಿಡಿದುಕೊಂಡಿದ್ದಾರೆ. ಅವರು ಮಾತಾಡಲಿ ಅಂತ ಕಾಯಬೇಡ. ಸಂಜೆ ಗದ್ದೆಯಿಂದ ಬಂದು ಕೈಕಾಲು ತೊಳೆದು ಕೂತಾಗ, ಮಾವ ಇಲ್ಲದ ಹೊತ್ತು ನೋಡಿ, ಅವ್ವನನ್ನೂ ಕೂರಿಸಿಕೊಂಡು ಹೇಳು: "ಅಪ್ಪ, ಮಾರ್ಕ್ಸ್ ಕಮ್ಮಿ ಬಂತು, ನನಗೂ ಬೇಜಾರಾಗಿದೆ. ಇಂಗ್ಲಿಷ್‌ನಲ್ಲಿ ಪಾಠ ತುಂಬಾ ಕಷ್ಟ ಆಯ್ತು, ನಿಮಗೆ ಹೇಳಿದರೆ ನೊಂದುಕೊಳ್ಳುತ್ತೀರಾ ಅಂತ ಹೇಳಲಿಲ್ಲ. ಎಕ್ಸಾಂ-2 ಬರೀತೀನಿ. ಸಿಇಟಿ ರಿಸಲ್ಟ್ ಬರೋವರೆಗೂ ಗದ್ದೆ ವಿಷಯಕ್ಕೆ ಯಾರಿಗೂ ಮಾತು ಕೊಡಬೇಡಿ. ಬಂದ ಮೇಲೆ ಮೂರೂ ಜನ ಕೂತು ತೀರ್ಮಾನ ಮಾಡೋಣ." ಇಷ್ಟು ಸಾಕು. ಬಾಯಿ ಬರದಿದ್ದರೆ ಇದನ್ನೇ ಒಂದು ಹಾಳೆಯಲ್ಲಿ ಬರೆದು ಕೊಡು, ಕನ್ನಡದಲ್ಲಿ 86 ತೆಗೆದವಳು ನೀನು. ಅಪ್ಪ ತಕ್ಷಣ ಒಪ್ಪದೇ ಇರಬಹುದು, ಎದ್ದು ಹೋಗಿಬಿಡಬಹುದು. ಆಗ ಹೈಸ್ಕೂಲಿನ ಮೇಷ್ಟ್ರನ್ನು ಮನೆಗೆ ಕರೆದು ಅವರ ಬಾಯಲ್ಲಿ ಹೇಳಿಸು, ನಿಮ್ಮಪ್ಪ ಅವರ ಮಾತು ತೆಗೆದುಹಾಕಲ್ಲ. ಸ್ಕ್ಯಾನ್ ಕಾಪಿ ತೋರಿಸೋಕೆ ಹೋದಾಗಲೇ ಈ ವಿಷಯವನ್ನೂ ಅವರ ಕಿವಿಗೆ ಹಾಕಿ ಬಾ.