ಪಿಪಿ ಡಬ್ಬಿಯ ಮುಖದ ಮೇಲೆ ಗುಳಿ: ಪುಟ್ಟಿ, ಬಣ್ಣ ಬೇಡ

ಕರಗಿದ ಪಿಪಿಯನ್ನು (ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್) ಮೋಲ್ಡ್‌ಗೆ, ಅಂದರೆ ಅಚ್ಚಿಗೆ, ಒತ್ತಿ ಮಾಡುವ ನಿಮ್ಮ ಡಬ್ಬಿಯ ಮುಖದ ಮೇಲೆ ಗುಳಿ ಬೀಳುತ್ತಿದೆ, ಪುಟ್ಟಿ ತುಂಬಿ ಬಣ್ಣ ಹೊಡೆಯಲೇ ಎಂದು ಕೇಳಿದ್ದೀರಿ. ಸ್ಕ್ರೂ ಕಂಬಗಳ (ಸ್ಕ್ರೂ ಕೂರಲು ಡಬ್ಬಿಯ ಒಳಗಡೆ ಎದ್ದಿರುವ ಟೊಳ್ಳು ಕಂಬಗಳ) ನೇರ ಹಿಂದೆಯೇ ಗುಳಿ ಬೀಳುತ್ತಿದೆ ಅಂದರೆ, ಬಹುಮಟ್ಟಿಗೆ ಅಲ್ಲಿ ಪ್ಲಾಸ್ಟಿಕ್ ದಪ್ಪವಾಗಿರುವುದೇ ಕಾರಣ. ಡಬ್ಬಿಯ ಗೋಡೆ 2.5 ಮಿ.ಮೀ., ಕಂಬದ ಗೋಡೆಯೂ 2.5 ಎಂದು ಬರೆದಿದ್ದೀರಿ. ಎರಡೂ ಕೂಡುವ ಜಾಗ ಕೊನೆಗೆ ತಣ್ಣಗಾಗಿ ಕುಗ್ಗುತ್ತದೆ, ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಪಿಪಿ, ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್‌ಗಿಂತ ಹೆಚ್ಚು ಕುಗ್ಗುವುದರಿಂದ ಇದರಲ್ಲಿ ಗುಳಿ ಎದ್ದು ಕಾಣುತ್ತದೆ.

ಮೋಲ್ಡ್ ಮುಟ್ಟುವ ಮೊದಲು ಹೋಲ್ಡಿಂಗ್ ಟೈಮ್ (ಅಚ್ಚು ತುಂಬಿದ ಮೇಲೂ ಯಂತ್ರ ಪ್ಲಾಸ್ಟಿಕ್ ಅನ್ನು ಒತ್ತಿ ಹಿಡಿಯುವ ಹೊತ್ತು) ನೋಡಿ. ಒಂದೊಂದೇ ಸೆಕೆಂಡ್ ಹೆಚ್ಚಿಸುತ್ತಾ, ರನ್ನರ್ (ಪ್ಲಾಸ್ಟಿಕ್ ಹರಿದು ಬಂದ ದಾರಿಯಲ್ಲಿ ಗಟ್ಟಿಯಾಗಿ ಡಬ್ಬಿಗೆ ಅಂಟಿಕೊಂಡಿರುವ ತುಂಡು) ಕತ್ತರಿಸಿ, ಡಬ್ಬಿಯನ್ನಷ್ಟೇ ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ. ತೂಕ ಏರುವುದು ನಿಂತಿತೆಂದರೆ ಗೇಟ್, ಅಂದರೆ ಪ್ಲಾಸ್ಟಿಕ್ ಅಚ್ಚಿನೊಳಗೆ ಹೋಗುವ ಬಾಯಿ, ಗಟ್ಟಿಯಾಗಿದೆ. ಅದರಾಚೆ ಎಷ್ಟು ಒತ್ತಿದರೂ ಕರೆಂಟ್ ದಂಡ. ಗೇಟ್ ಎಲ್ಲಿದೆ ಎಂದು ನೀವು ಹೇಳಿಲ್ಲ. ಕಂಬಗಳಿಂದ ದೂರವಿದ್ದರೆ ಇದರಿಂದ ಹೆಚ್ಚು ಲಾಭ ಸಿಗದಿರಬಹುದು.

ಆಮೇಲೂ ಗುಳಿ ಉಳಿದರೆ ಕೋರ್ ಪಿನ್ (ಕಂಬದ ತೂತು ಮೂಡಿಸುವ, ಅಚ್ಚಿನಲ್ಲಿರುವ ಕಡ್ಡಿ) ಬದಲಿಸಿ ಉದ್ದದ್ದು ಹಾಕಿಸಿ, ಕಂಬದ ತೂತು ಬುಡದವರೆಗೂ ಇಳಿಯಲಿ. ಖರ್ಚು ಕಡಿಮೆ. ಸಾಲದಿದ್ದರೆ ಕಂಬದ ಗೋಡೆಯನ್ನು 1.5 ಮಿ.ಮೀ.ಗೆ, ಅಂದರೆ ಡಬ್ಬಿಯ ಗೋಡೆಯ ಶೇ. 60ಕ್ಕೆ ಇಳಿಸಬೇಕು, ಬಲಕ್ಕೆ ಸುತ್ತ ತೆಳು ರಿಬ್ (ಆಸರೆಯ ಪಟ್ಟಿ) ಕೊಡಿಸಿ. ಸ್ಕ್ರೂ ಹಿಡಿತವನ್ನು ಮತ್ತೆ ಪರೀಕ್ಷಿಸುವುದನ್ನು ಮಾತ್ರ ಬಿಡಬೇಡಿ.

ಪುಟ್ಟಿ ತುಂಬಿ ಬಣ್ಣ ಹೊಡೆಯುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಪ್ರೈಮರ್ ಇಲ್ಲದೆ ಪಿಪಿ ಮೇಲೆ ಬಣ್ಣ ನಿಲ್ಲುವುದಿಲ್ಲ. ಈಗ ರಿಜೆಕ್ಟ್ ಆದ ಡಬ್ಬಿಯನ್ನು ಪುಡಿ ಮಾಡಿ ಹೊಸ ಮಾಲಿನ ಜೊತೆ ಬೆರೆಸಬಹುದು; ಬಣ್ಣ ಬಿದ್ದ ಮೇಲೆ ಅದು ಕಸ. ಅಳಿದುಳಿದ ಸಣ್ಣ ಗುಳಿಗೆ ಮೋಲ್ಡ್‌ನ ಮುಖಕ್ಕೆ ಟೆಕ್ಸ್ಚರ್ (ತರಿತರಿ ಮೈ) ಹೊಡೆಸಿದರೆ ಸಾಕು.